ಕರ್ಪೂರದ ನೊರೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಮಾಟಗಾರನೊಬ್ಬ ಅವನನ್ನು ಕಲ್ಲು ಮಾಡಿದ. ಕಣ್ಣು ಮಾತ್ರ ಬಿಟ್ಟ. ಅದೇ ಮಾಟಗಾರ ದಿನವೂ ಅರಮನೆಯ ಬಾಗಿಲಿಗೆ ಬಂದು ರಾಜನ ಯೋಗಕ್ಷೇಮ ಕೇಳುತ್ತಿದ್ದ. ರಾಜನಿಗೆ ಎಲ್ಲ ಗೊತ್ತು. ಹೇಳಲಾರ.

ಶಂಕ್ರೆವ್ವ ಮೊಮ್ಮಗಳಿಗೆ ಈ ಕಥೆ ಹೇಳುವಾಗ ಇಲ್ಲಿ ಒಮ್ಮೆ ನಿಲ್ಲುತ್ತಿದ್ದಳು. ಕಲ್ಲಿನೊಳಗೆ ಕೂತು ರಾಜ ಏನು ಯೋಚಿಸುತ್ತಾನೆ ಎಂದು ಮಧುಮತಿ ಜಂತಿ ನೋಡುತ್ತ ಮಲಗುತ್ತಿದ್ದಳು. ಆ ಊರು ರಬಕವಿ, ಆ ರಾಜ ತನ್ನ ಅಜ್ಜ ಮುರಗೆಪ್ಪ ಎಂದು ಅವಳಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಂದು ಬುಧವಾರ ಬೆಳಿಗ್ಗೆ.

ಚಹಾ ಹಿಡಿದು ಮಗ್ಗದ ಮನೆಗೆ ಹೋದವಳು ಅವಳೇ. ಬಾಗಿಲು ತೆರೆದಿತ್ತು. ಅಜ್ಜ ಕುಣಿಮಗ್ಗದ ಕುಣಿಯೊಳಗೆ ಬಿದ್ದಿದ್ದ. ನೇಕಾರ ಕಾಲು ಇಳಿಬಿಟ್ಟು ಕೂರುವ ಆ ಗುಂಡಿಯ ಅಂಚಿಗೆ ಬಡಿದು ಹಿಂದಲೆ ಒಡೆದಿತ್ತು. ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯ ಮೇಲೆ ನಿಂಬೆ ವಾಸನೆಯ ಸಾಬೂನಿನ ನೊರೆ ಆರುತ್ತಿತ್ತು. ಬಲಗೈ ನೂಲು ಹಾಯಿಸುವ ಲಾಳಿಯನ್ನು ಬಿಗಿಯಾಗಿ ಹಿಡಿದಿತ್ತು. ಲಾಳಿಯ ಉಕ್ಕಿನ ಮೊನೆಗೆ ರಕ್ತ.

ಕಣ್ಣು ತೆರೆದೇ ಇದ್ದವು.

* * *

ಕಳುವಾಗಿ ಸಿಗದೆ ಹೋದದ್ದು ಒಂದೇ. ಅಜ್ಜ ನೇಯುವ ಸೀರೆಗಳ ದಡಿಯ, ಅಂದರೆ ಅಂಚಿನ, ನಕ್ಷೆಯನ್ನು ತೂತು ಹೊಡೆದು ಇಟ್ಟ ರಟ್ಟಿನ ಪಟ್ಟಿಗಳ ಸರ. ಅದನ್ನು ಮಗ್ಗಕ್ಕೆ ಕಟ್ಟಿದರೆ ಆ ದಡಿ ತಾನಾಗಿ ಮೂಡುತ್ತದೆ. ಅಜ್ಜನ ಕೈಮಗ್ಗಗಳ ಹೊರತು ಬೇರೆಲ್ಲೂ ಆ ದಡಿ ಇರಲಿಲ್ಲ. ಅಜ್ಜನ ಬೆರಳಿನ ಉಂಗುರವೂ ಇರಲಿಲ್ಲ. ಅದು ಕ್ಷೌರ ಮಾಡಲು ಬಂದಿದ್ದ ಹಣಮಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತು.

ಪಿಎಸ್‌ಐ ಸಂಧ್ಯಾ ಅಂದೇ ಹಣಮಪ್ಪನನ್ನು ಬಂಧಿಸಿದಳು.

ಜೀವ ಉಳಿದು ಜಮಖಂಡಿಯ ಆಸ್ಪತ್ರೆಯಿಂದ ಅಜ್ಜ ಮನೆಗೆ ಬಂದ. ಮಾತಿಲ್ಲ. ಕೈಕಾಲು ಆಡುತ್ತಿರಲಿಲ್ಲ. ಸಂಧ್ಯಾ ಮಂಚದ ಪಕ್ಕ ಕುಳಿತು ಒಂದೊಂದೇ ಹೆಸರು ಹೇಳಿದಳು. ಎಲ್ಲ ಹೆಸರಿಗೂ ಅಜ್ಜ ಕಣ್ಣು ಮಿಟುಕಿಸಿದ. ಕೊನೆಗೆ ಅವಳು ತನ್ನದೇ ಹೆಸರು ಹೇಳಿದಳು. ಅದಕ್ಕೂ ಮಿಟುಕಿಸಿದ. ಮಾತು ಒಳಗೆ ಮುಟ್ಟುತ್ತಿಲ್ಲ ಎಂದರು ಡಾಕ್ಟರು.

ಊರೆಲ್ಲ ಹೊಗಳಿದ್ದು ಶಿವಯೋಗಿಯನ್ನು. ಅಜ್ಜನ ತಮ್ಮನ ಮಗ, ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟವನು. ದೊಡ್ಡಪ್ಪ ಮಾತಾಡುವ ತನಕ ದಾಡಿ ತೆಗೆಸುವುದಿಲ್ಲ ಎಂದು ಪೆಟ್ಟು ಬಿದ್ದ ಮರುದಿನವೇ ಮಲ್ಲಯ್ಯನ ಗುಡಿಯಲ್ಲಿ ಹತ್ತು ಮಂದಿಯ ಎದುರು, ಹೆಗಲ ವಸ್ತ್ರ ಮುಖಕ್ಕೆ ಒತ್ತಿಕೊಂಡು ಅಳುತ್ತ, ಹರಕೆ ಹೊತ್ತಿದ್ದ. ವಾರಕ್ಕೊಮ್ಮೆ ಹಣ್ಣು ತರುತ್ತಿದ್ದ. ಹೊಸ್ತಿಲಲ್ಲೇ ನಿಂತು, ದೊಡ್ಡಪ್ಪನನ್ನು ಈ ಸ್ಥಿತಿಯಲ್ಲಿ ನೋಡಿದರೆ ಕರುಳು ಕಿತ್ತು ಬರುತ್ತದೆ ಎಂದು ಕಣ್ಣೊರೆಸಿಕೊಂಡು ಹೋಗುತ್ತಿದ್ದ.

ಮಧುಮತಿ ಜೈಲಿಗೆ ಹೋದಳು. ಸರಳಿನಾಚೆ ಹಣಮಪ್ಪ ಅರ್ಧ ಮನುಷ್ಯನಾಗಿದ್ದ. ನೀರು ಆರಿತ್ತು, ಬಿಸಿನೀರು ತಾ ಎಂದು ಧಣಿ ಹೇಳಿದರು, ಪೆಟ್ಟಿಗೆ ಅಲ್ಲೇ ಬಿಟ್ಟು ಚಹಾದಂಗಡಿಗೆ ಹೋದೆ, ಬರುವಷ್ಟರಲ್ಲಿ ಮಂದಿ ನೆರೆದಿತ್ತು. ಅವನು ಹೇಳಿದ್ದು ಇಷ್ಟೇ. ಎಲ್ಲರಿಗೂ ಇದನ್ನೇ ಹೇಳಿದ್ದ. ತನ್ನ ಬಗ್ಗೆ ಏನೂ ಕೇಳಲಿಲ್ಲ.

"ಅರ್ಧಾ ಮಾಡಿದ ದಾಡಿ ಹಂಗಽ ಬಿಡಬಾರ್ದವ್ವಾ. ಸತ್ತವರಿಗಿ ಸೈತ ಹಂಗ ಬಿಡೂದಿಲ್ಲ. ಯಾರರ ಮುಗಸ್ರಿ."

"ಮುಗಸ್ತೇವಿ ಮಾಮಾ," ಎಂದಳು. "ಇದು ನನ್ನ ಮಾತು."

* * *

ರಬಕವಿ ಪೇಟೆಯ ತಾಯವ್ವನ ಅಂಗಡಿಯಲ್ಲಿ ಎಲ್ಲ ದಾಡಿ ಸಾಬೂನುಗಳೂ ಒಂದೇ ಗಾಜಿನ ಕಪಾಟಿನಲ್ಲಿದ್ದವು. ಮಧುಮತಿ ಒಂದೊಂದನ್ನೇ ಮೂಗಿಗೆ ಹಿಡಿದಳು. ಶ್ರೀಗಂಧದ್ದು ಮದುವೆ ಸೀರೆಗಳ ಟ್ರಂಕು ತೆರೆದ ಹಾಗಿತ್ತು. ನಿಂಬೆಯದು ಹಣಮಪ್ಪನ ಪೆಟ್ಟಿಗೆಯೇ. ತಗಡಿನ ಡಬ್ಬಿಯಲ್ಲಿದ್ದ ದುಂಡನೆಯದು ಕರ್ಪೂರ, ಜೊತೆಗೆ ಲವಂಗ. ಆರತಿಯ ಹೊತ್ತಿಗೆ ಗುಡಿಯ ಬಾಗಿಲು ತೆರೆದಂತೆ.

"ವಾಸನಿ ನೋಡಿ ಮಳ್ಳಾಗಬ್ಯಾಡ," ಎಂದಳು ತಾಯವ್ವ. "ನಿಮ್ಮ ಬೋರಿನ ನೀರು ಸವಳು, ಉಪ್ಪುಪ್ಪು. ಸವಳ ನೀರಾಗ ಗಂಧದ್ದು ಒಡದ ಹಾಲಿನಂಗ ಆಗತೈತಿ. ನಿಂಬಿದು ಒಂಚೂರು ಬುರುಗ ಬಿಡತೈತಿ. ಹತ್ತಿ ಹಂಗ ಏಳೂದು ಈ ಕರ್ಪೂರದ್ದೊಂದಽ."

ಮಧುಮತಿ ಮೂರನ್ನೂ ಕೊಂಡಳು.

ಗಂಧದ್ದು ತಾಯವ್ವ ಹೇಳಿದಂತೆ ಒಡೆಯಿತು. ಅಜ್ಜನ ಕಣ್ಣು ಸೂರಿನಲ್ಲೇ ಇತ್ತು. ನಿಂಬೆಯ ತೆಳು ನೊರೆ ಕೆನ್ನೆಗೆ ತಾಗಿದಾಗ ಅವನ ರೆಪ್ಪೆ ಸಡಿಲಾಯಿತು. ಉಸಿರು ನಿಧಾನವಾಯಿತು.

ಮಧುಮತಿಯ ಕೈಯ ಬ್ರಷ್ ನಿಂತಿತು. ಪೆಟ್ಟು ಬಿದ್ದಾಗ ಕೆನ್ನೆಯ ಮೇಲಿದ್ದದ್ದು ಇದೇ ನೊರೆ. ಹೊಡೆದವನು ಹಣಮಪ್ಪನಾದರೆ ಈ ವಾಸನೆಗೆ ನಿದ್ದೆ ಬರುತ್ತದೆಯೇ?

ಅದನ್ನು ಒರೆಸಿ ಕರ್ಪೂರದ್ದು ಕಲಸಿದಳು. ನೊರೆ ಬಟ್ಟಲು ಮೀರಿ ಎದ್ದಿತು. ಬ್ರಷ್ ಇನ್ನೂ ಒಂದು ಗೇಣು ದೂರವಿತ್ತು. ಅಜ್ಜನ ಎದೆ ಏರಿಳಿಯತೊಡಗಿತು. ಕಣ್ಣು ಬಾಗಿಲ ಕಡೆಗೆ ಹೊರಳಿದವು. ಗಂಟಲಿನಿಂದ ಒಂದು ಸದ್ದು ಬಂತು, ಬಾವಿಗೆ ಬಿದ್ದ ಪ್ರಾಣಿಯ ಕೂಗಿನಂತೆ.

"ಕರ್ಪೂರಂದ್ರ ಕೈ ಮುಗ್ಯಾಂವ ಅಲ್ಲೇನ ಇಂವ," ಎಂದಳು ಶಂಕ್ರೆವ್ವ.

ಮರುದಿನ ಬೆಳಿಗ್ಗೆ ಮಧುಮತಿ ಮಂಚದ ಬಳಿ ಬರೀ ಕರ್ಪೂರ ಹಚ್ಚಿದಳು. ಅಜ್ಜ ಶಾಂತವಾಗಿದ್ದ. ಮಧ್ಯಾಹ್ನ ಅಜ್ಜಿಯ ಸೆರಗಿಗೆ ಆ ಸಾಬೂನು ತಿಕ್ಕಿ ಒಳಗೆ ಕಳಿಸಿದಳು. ಅಜ್ಜ ಮತ್ತೆ ಬೆವೆತ. ಕರ್ಪೂರವಲ್ಲ. ಆ ಸಾಬೂನೇ.

ಹೆಸರು ಮುಟ್ಟದ ಜಾಗಕ್ಕೆ ವಾಸನೆ ಮುಟ್ಟಿತ್ತು. ಆ ದಿನ ಯಾರೋ ಆಗತಾನೆ ಕ್ಷೌರ ಮಾಡಿಕೊಂಡ ಕೆನ್ನೆಯನ್ನು ಅಜ್ಜನ ಮುಖದ ಹತ್ತಿರ ತಂದಿದ್ದ.

* * *

ಆ ಡಬ್ಬಿ ಒಯ್ಯುವವರು ಇಬ್ಬರೇ ಎಂದಳು ತಾಯವ್ವ. ಮೊದಲನೆಯವರು ಜ್ಞಾನೇಶ್ವರ ಮಾಸ್ತರು. ದಡಿಯ ನಕ್ಷೆಗಾಗಿ ಅಜ್ಜನ ಜೊತೆ ಹಿಂದೊಮ್ಮೆ ಜಗಳವಾಡಿದವರು. ಮಧುಮತಿ ಓಡುತ್ತಲೇ ಅವರ ಮನೆಗೆ ಹೋದಳು. ಯುಗಾದಿಗೆ ಜಾರಿ ಬಿದ್ದು ಸೊಂಟ ಮುರಿದ ಮಾಸ್ತರು ಇನ್ನೂ ಹಾಸಿಗೆಯಲ್ಲಿದ್ದರು. ಅಜ್ಜನಿಗೆ ಪೆಟ್ಟು ಬಿದ್ದದ್ದು ಯುಗಾದಿಯ ನಂತರ.

ತಿರುಗಿ ಬಂದು ಎರಡನೆಯ ಹೆಸರು ಕೇಳಿದಳು.

"ನಿಮ್ಮ ಶಿವಯೋಗಿ ಕಾಕಾ. ಬನಹಟ್ಟ್ಯಾಗ ಅವರ ಬೋರೂ ಸವಳಽ. ಈಗ ಒಯ್ಯಾಕತ್ತಿಲ್ಲ ಬಿಡು, ಹರಕಿ ಹೊತ್ತಾನಲ್ಲ."

ಠಾಣೆಯಲ್ಲಿ ಸಂಧ್ಯಾ ಎಲ್ಲವನ್ನೂ ಕೇಳಿಸಿಕೊಂಡಳು. ನಗಲಿಲ್ಲ.

"ವಾಸನಿ ಕೋರ್ಟಿಗೆ ಹಾಜರ ಮಾಡಾಕ ಬರೂದಿಲ್ಲ ತಂಗಿ."

"ಲಾಳಿಗೆ ಹತ್ತಿದ ರಕ್ತ ಯಾರದ್ರಿ?"

ನಿಮ್ಮಜ್ಜನದೇ ಇರಬೇಕು, ಲ್ಯಾಬಿನ ವರದಿ ಬಂದಿಲ್ಲ ಎಂದಳು ಸಂಧ್ಯಾ.

"ಅಜ್ಜಗ ಪೆಟ್ಟು ಬಿದ್ದದ್ದು ಹಿಂದ. ಲಾಳಿ ಇದ್ದದ್ದು ಅವನ ಕೈಯಾಗ. ಅಂವ ಯಾರಿಗೋ ಚುಚ್ಚ್ಯಾನ್ರಿ. ಹಣಮಪ್ಪ ಮಾಮಾನ ಮೈಮ್ಯಾಲ ಒಂದರ ಗಾಯ ಇತ್ತೇನ್ರಿ?"

ಸಂಧ್ಯಾ ಬಂಧನದ ದಿನದ ಕಡತ ತೆಗೆದು ನೋಡಿದಳು. ಹಣಮಪ್ಪನ ಮೈಮೇಲೆ ಒಂದು ಗೀರೂ ಇರಲಿಲ್ಲ.

* * *

ದೊಡ್ಡಪ್ಪ ಮಾತಾಡಿದ ಎಂಬ ಸುದ್ದಿ ಗುರುವಾರ ಬನಹಟ್ಟಿಗೆ ಮುಟ್ಟಿತು. ಹರಕೆಗೆ ಸಾಕ್ಷಿಯಾಗಿದ್ದವರನ್ನೆಲ್ಲ ಶಂಕ್ರೆವ್ವ ಕರೆಸಿದ್ದಳು. ಸಂಧ್ಯಾ ಸಾದಾ ಸೀರೆಯುಟ್ಟು ಹೆಂಗಸರ ನಡುವೆ ಕೂತಿದ್ದಳು.

ಶಿವಯೋಗಿ ಹೊಸ್ತಿಲಲ್ಲಿ ನಿಂತ. ಹೇಗಿದ್ದಾನೆ ಎಂದು ಕೇಳಲಿಲ್ಲ.

"ಏನಂದ?"

"ಒಳಗ ಬಾ ಕಾಕಾ," ಎಂದಳು ಮಧುಮತಿ. "ಮೊದಲ ಹರಕಿ ತೀರಲಿ."

ಮಂಚದ ತಲೆಗಡೆಗೆ, ಅಜ್ಜನಿಗೆ ಕಾಣದ ಜಾಗದಲ್ಲಿ, ಕುರ್ಚಿ ಹಾಕಿತ್ತು. ಬಟ್ಟಲು ಹಿಡಿದು ನಿಂತವನು ಹಣಮಪ್ಪನ ಮಗ ಪರಸಪ್ಪ. ಮುಖದಲ್ಲಿ ಏನೂ ಇರಲಿಲ್ಲ. ಕತ್ತಿ ಮಾತ್ರ ಹೊಳೆಯುತ್ತಿತ್ತು.

ಶಿವಯೋಗಿ ಒಂದು ಹೆಜ್ಜೆ ಹಿಂದಿಟ್ಟ. "ಇಲ್ಲಿ ಬ್ಯಾಡ. ಗುಡಿಯಾಗ ತಗಸ್ತೇನಿ. ಬರೂ ಸೋಮಾರ."

"ಸೋಮಾರ ನಮ್ಮ ಮನ್ಯಾಗ ಯಾರ ದಾಡಿ ಮಾಡ್ಸ್ಯಾರಲೇ?" ಎಂದಳು ಶಂಕ್ರೆವ್ವ. "ಶಿವನ ವಾರ ಮರತಿ?"

ಒಂದಿಬ್ಬರು ನಕ್ಕರು. ಹಿರಿಯರು ನಗಲಿಲ್ಲ. ಹೊತ್ತ ಹರಕೆ ತೀರಿದ ದಿನ ದಾಡಿ ಇಟ್ಟುಕೊಂಡರೆ ಮಲ್ಲಯ್ಯ ಮುನಿಯುತ್ತಾನೆ ಎಂದರು. ಎಲ್ಲರ ಕಣ್ಣೂ ಅವನ ಮೇಲಿತ್ತು. ಬಾಗಿಲ ಬಳಿ ಸಾದಾ ಸೀರೆಯ ಹೆಂಗಸೊಬ್ಬಳು ಎದ್ದು ನಿಂತಿದ್ದಳು. ಶಿವಯೋಗಿ ಕುಳಿತ.

ಪರಸಪ್ಪ ಡಬ್ಬಿ ತೆರೆದ. ಕರ್ಪೂರ, ಲವಂಗ. ನೊರೆ ಎದ್ದಿತು. ಅದು ಶಿವಯೋಗಿಯ ಕೆನ್ನೆಗೆ ಹತ್ತಿದ್ದೇ ತಡ, ಮಂಚದ ಮೇಲೆ ಅಜ್ಜ ನರಳಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಕಣ್ಣು ಹೊರಳಿ ಹೊರಳಿ ಏನನ್ನೋ ಹುಡುಕುತ್ತಿದ್ದವು.

ಶಿವಯೋಗಿಯ ಕೈ ದವಡೆಯನ್ನು ಮುಚ್ಚಿಕೊಂಡಿತು.

"ಕೈ ತಗೀರಿ," ಎಂದಳು ಸಂಧ್ಯಾ.

ಕತ್ತಿ ಒಮ್ಮೆ ಇಳಿಯಿತು. ಎಡ ದವಡೆಯ ಕೆಳಗೆ ಹೊಸ ಚರ್ಮ ಮುಚ್ಚಿದ ಒಂದು ಕುಳಿ. ಸಂಧ್ಯಾ ಚೀಲದಿಂದ ಅಂಥದೇ ಲಾಳಿಯೊಂದನ್ನು ತೆಗೆದು ಪಕ್ಕಕ್ಕೆ ಹಿಡಿದಳು. ಮೊನೆ ಅಳತೆ ತೆಗೆದಂತೆ ಕೂತಿತು.

* * *

ಮುಂದಿನದನ್ನು ಮಧುಮತಿಯೇ ಬಿಡಿಸಿ ಹೇಳಿದಳು. ಆ ದಡಿಯನ್ನು ಶಿವಯೋಗಿ ಪವರ್‌ಲೂಮಿಗೆ ಕೇಳಿದ್ದ. ಕೈಮಗ್ಗದವರ ಅನ್ನ ಅದು ಎಂದು ಅಜ್ಜ ಕೊಡಲಿಲ್ಲ. ಹಣಮಪ್ಪ ಬಿಸಿನೀರಿಗೆ ಹೋದದ್ದನ್ನು ಕಾದು ಶಿವಯೋಗಿ ಒಳಗೆ ನುಗ್ಗಿದ. ರಟ್ಟಿನ ಸರ ಕಿತ್ತುಕೊಳ್ಳುವಾಗ ಅಡ್ಡ ಬಂದು ಹಿಡಿದ ಅಜ್ಜನನ್ನು ತಳ್ಳಿದ. ಬೀಳುವ ಮುಂಚೆ ಅಜ್ಜ ಕೈಗೆ ಸಿಕ್ಕ ಲಾಳಿಯಿಂದ ಚುಚ್ಚಿದ. ಶಿವಯೋಗಿ ಅಜ್ಜನ ಉಂಗುರ ಕಳಚಿ ಹಣಮಪ್ಪನ ತೆರೆದಿದ್ದ ಪೆಟ್ಟಿಗೆಗೆ ಹಾಕಿದ. ದವಡೆಯ ಗಾಯಕ್ಕೆ ಮುಸುಕು ಬೇಕಿತ್ತು. ಹರಕೆಯ ದಾಡಿಯನ್ನು ಯಾರೂ ಸರಿಸಿ ನೋಡುವುದಿಲ್ಲ. ಆದರೆ ಮಂದಿಯ ಎದುರು ಹೊತ್ತ ಹರಕೆ ತೀರಿದ ಮೇಲೆ ಆ ಮುಸುಕನ್ನು ಯಾರೂ ಇಟ್ಟುಕೊಳ್ಳಲೂ ಆಗುವುದಿಲ್ಲ.

"ದೊಡ್ಡಪ್ಪ ಖರೇನ ಮಾತಾಡಿದನೇನ?" ಜೀಪು ಹತ್ತುವಾಗ ಅವನು ಕೇಳಿದ.

"ಈಗ ಮಾತಾಡಿದನಲ್ಲ ಕಾಕಾ. ನೀ ಕೇಳಲಿಲ್ಲ?"

ರಟ್ಟಿನ ಸರ ಅವನ ಪವರ್‌ಲೂಮ್ ಶೆಡ್ಡಿನಲ್ಲಿ ಸಿಕ್ಕಿತು. ಮಗ್ಗಕ್ಕೆ ಕಟ್ಟಿಯೇ ಇತ್ತು.

* * *

ಹಣಮಪ್ಪ ಬಿಡುಗಡೆಯಾಗಿ ನೆಟ್ಟಗೆ ಅಜ್ಜನ ಮನೆಗೆ ಬಂದ. ಪೆಟ್ಟಿಗೆ ತೆರೆದ. ನಿಂಬೆ ಸಾಬೂನನ್ನು ಬಟ್ಟಲಿಗೆ ಹಾಕಿದ. ಮಧುಮತಿ ಬೆಳಿಗ್ಗೆಯೇ ಹೊಳೆಗೆ ಹೋಗಿ ಒಂದು ಕೊಡ ಕೃಷ್ಣೆಯ ನೀರು ತಂದು ಕಾಯಿಸಿಟ್ಟಿದ್ದಳು. ಹೊಳೆಯ ಸಿಹಿನೀರಿಗೆ ನಿಂಬೆಯ ನೊರೆಯೂ ಹತ್ತಿಯ ಹಾಗೆ ಎದ್ದಿತು.

ಕಲ್ಲಾದ ರಾಜ ಮತ್ತೆ ಮನುಷ್ಯನಾದನೇ ಎಂದು ಅವಳು ಚಿಕ್ಕವಳಿದ್ದಾಗ ಕೇಳುತ್ತಿದ್ದಳು. ಶಂಕ್ರೆವ್ವ ಪ್ರತಿ ಸಲ ಬೇರೆ ಬೇರೆ ಉತ್ತರ ಕೊಡುತ್ತಿದ್ದಳು. ಇಂದು ಅಜ್ಜಿ ಸುಮ್ಮನೆ ಗಂಡನ ಪಾದ ಹಿಡಿದು ಕೂತಿದ್ದಳು.

ಹಣಮಪ್ಪ ಮೊದಲು ಬಲಗೆನ್ನೆಗೆ ಕತ್ತಿ ಇಟ್ಟ. ಅಂದು ನಿಂತ ಜಾಗದಿಂದಲೇ. ಅಜ್ಜನ ರೆಪ್ಪೆಗಳು ಮೆಲ್ಲಗೆ ಕೂಡಿಕೊಂಡವು. ಕತ್ತಿಯ ಸಪ್ಪಳವೊಂದೇ ಕೇಳುತ್ತಿತ್ತು. ಎಡಗೆನ್ನೆ, ಗಲ್ಲ, ಮೂಗಿನ ಕೆಳಗೆ. ಬಿಸಿನೀರಿನ ಬಟ್ಟೆಯಿಂದ ಒಮ್ಮೆ ಒರೆಸಿ, ಅಂಗೈಯಿಂದ ಎರಡೂ ಕೆನ್ನೆ ಸವರಿ ನೋಡಿದ.

"ಆತು ನೋಡವ್ವಾ," ಎಂದ.