ಹದಿನೇಳರ ಮಗ್ಗಿ

ಮೋಟಾರು ಚಾಲೂ ಮಾಡಲು ಬೆಳಿಗ್ಗೆ ತನ್ನ ತೋಟಕ್ಕೆ ಬಂದ ಅಮೋಘಪ್ಪನಿಗೆ ಪಂಪ್ ಶೆಡ್ಡಿನ ಬಾಗಿಲು ತೆರೆದಿದ್ದದ್ದು ಕಂಡಿತು. ಒಳಗೆ ಚಾಪೆಯ ಮೇಲೆ ಗುಂಡಣ್ಣ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಆಗಲೇ ಕಪ್ಪಾಗಿತ್ತು.

ಅಂದು ಕಮಲಾಪುರದ ಸಂತೆ. ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಇನ್ಸ್‌ಪೆಕ್ಟರ್ ಮಲ್ಲಿಕಾ ಜೀಪಿನಿಂದ ಇಳಿಯುವಷ್ಟರಲ್ಲಿ ಕೆಂಪು ಬಾಳೆಯ ಸಾಲುಗಳ ನಡುವೆ ಅರ್ಧ ಸಂತೆಯೇ ಬಂದು ನಿಂತಿತ್ತು.

“ಯಾರಿಂವಾ?”

“ಕಲ್ಲಿನ ಖಣಿಯಾಗ ಕೆಲಸ ಮಾಡಾಂವ ರೀ,” ಅಂದ ಅಮೋಘಪ್ಪ. “ಶಬ್ಬೀರ್ ಕರಕೊಂಡು ಬಂದಿದ್ದ. ನಾಕು ದಿನ ಇಲ್ಲೇ ಇರ್ಲಿ ಅಂದಾ. ಶಬ್ಬೀರ್ ಪರಿಚಯದ ಮನಷ್ಯಾ, ಹೂಂ ಅಂದೆ.”

ಗುಂಡಣ್ಣನ ಜೇಬಿನಲ್ಲಿ ರೊಕ್ಕ ಹಾಗೇ ಇತ್ತು. ಕೈಗಡಿಯಾರ ಇತ್ತು. ಚಾರ್ಜರ್ ಗೋಡೆಯಲ್ಲಿ ನೇತಾಡುತ್ತಿತ್ತು. ಫೋನ್ ಮಾತ್ರ ಇರಲಿಲ್ಲ.

ಗುಂಪಿನ ಅಂಚಿನಲ್ಲಿ ಶಬ್ಬೀರ್ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಅವನ ಮಗ್ಗುಲಲ್ಲಿದ್ದ ತರುಣಿಯೊಬ್ಬಳು ಹೆಣದ ಕಡೆ ನೋಡುತ್ತಿರಲಿಲ್ಲ. ಶಬ್ಬೀರನ ಮುಖವನ್ನೇ ನೋಡುತ್ತಿದ್ದಳು. ಮಲ್ಲಿಕಾಳಿಗೆ ಅದು ಸರಿ ಕಾಣಲಿಲ್ಲ. ಇಬ್ಬರನ್ನೂ ಠಾಣೆಗೆ ಕರೆತಂದಳು.

* * *

ತರುಣಿಯ ಹೆಸರು ತ್ರಿವೇಣಿ. ಊರು ಪಕ್ಕದ ಮಹಾಗಾಂವ, ಸಂತೆಗೆಂದು ಬಂದಿದ್ದವಳು. ಕಲಬುರಗಿಯ ಗುಪ್ತಚರ ಘಟಕವೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಎಂದು ಅವಳ ಗುರುತಿನ ಚೀಟಿ ಹೇಳುತ್ತಿತ್ತು.

“ಶಬ್ಬೀರನ್ನ ಯಾಕ ಹಂಗ ನೋಡಾಕತ್ತಿದ್ದಿ?”

“‘ನಾನೇ ಕೊಂದೆ’ ಅನ್ನಾಕತ್ತಿದ್ದ ರೀ.”

“ಯಾರ ಮುಂದ?”

“ಯಾರ ಮುಂದೂ ಇಲ್ಲ. ಮನಸಿನ್ಯಾಗ. ಮಗ್ಗಲದಾಗ ಇದ್ದವರು ಏನ್ ವಿಚಾರ ಮಾಡ್ತಾರ, ಅದು ನನಗ ಕೇಳಸ್ತದ. ಒಂದು ಮಾರು ದೂರ ಆದ್ರ ಇಲ್ಲ.”

ಮಲ್ಲಿಕಾ ಪೆನ್ನು ಕೆಳಗಿಟ್ಟಳು. ಮುಖದಲ್ಲಿ ಏನನ್ನೂ ತೋರಗೊಡಲಿಲ್ಲ.

“ಈಗ ನೀವು ನಾ ಹುಚ್ಚಿ ಅಂತ ಅನಕೊಂಡ್ರಿ,” ಅಂದಳು ತ್ರಿವೇಣಿ. “ಇಲ್ಲಾಂದ್ರ ಕೊಲೆಯಾಗ ಈಕಿದೂ ಕೈ ಅದ ಅಂತ. ನಡುವ ಮನ್ಯಾಗ ಪ್ರೀತಿಗಿ ಜ್ವರ ಇಳದದೋ ಇಲ್ಲೋ ಅಂತ.”

ಮಲ್ಲಿಕಾ ಎದ್ದು ಬಾಗಿಲು ಮುಚ್ಚಿದಳು. ಪ್ರೀತಿ ಅವಳ ಮಗಳು. ಜ್ವರದ ಮಾತನ್ನು ಠಾಣೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಿರುಗಿ ಬಂದವಳು ಕುರ್ಚಿಯನ್ನು ತುಸು ಹಿಂದೆ ಸರಿಸಿಕೊಂಡೇ ಕೂತಳು.

ತ್ರಿವೇಣಿ ಎಲ್ಲ ಹೇಳಿದಳು. ಹಿಂದೊಮ್ಮೆ ನೌಕರಿಯ ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ಕೇಳುವ ಮೊದಲೇ ಉತ್ತರ ಕೊಟ್ಟಿದ್ದಳು. ಅವರು ಡಿವೈಎಸ್‌ಪಿ ಸುಧಾಕರ. ಉಳಿದವರು ನಕ್ಕರು. ಸುಧಾಕರ ನಗಲಿಲ್ಲ. ಮರುವಾರವೇ ಅವಳನ್ನು ತಮ್ಮ ಘಟಕಕ್ಕೆ ಸೇರಿಸಿಕೊಂಡರು. ಮಾಹಿತಿ ಕೊಡಲು ಬಂದವರ ಮಗ್ಗುಲಲ್ಲಿ ಕೂಡುವುದು, ಅವರು ಬಾಯಿ ಬಿಟ್ಟು ಹೇಳದ್ದನ್ನು ಸುಧಾಕರರಿಗೆ ತಿಳಿಸುವುದು ಅವಳ ಕೆಲಸ. ಅವಳ ಗುಟ್ಟು ಬಲ್ಲವರು ಅವರೊಬ್ಬರೇ.

ಗುಂಡಣ್ಣನೂ ಹಾಗೇ ಬಂದವನು. ಖಣಿಯಿಂದ ಜಿಲೆಟಿನ್ ಕಡ್ಡಿ, ಬಂಡೆ ಒಡೆಯುವ ಸ್ಫೋಟಕ, ಕಳ್ಳದಾರಿಯಲ್ಲಿ ಹೊರಗೆ ಹೋಗುತ್ತಿದೆ ಎಂದು ಹೇಳಿದ್ದ.

“ಶಬ್ಬೀರ್ ಯಾರು?”

“ನಮ್ಮ ಘಟಕದ ಡ್ರೈವರ್ ರೀ.”

* * *

ಶಬ್ಬೀರನನ್ನು ಒಳಗೆ ಕರೆಸಿದರು. ತ್ರಿವೇಣಿ ಅವನ ಪಕ್ಕದಲ್ಲೇ ಕೂತಳು.

“ಗುಂಡಣ್ಣನ್ನ ತೋಟಕ್ಕ ಯಾಕ ತಂದಿ?” ಮಲ್ಲಿಕಾ ಕೇಳಿದಳು.

“ಸಾಹೇಬ್ರ ಹುಕುಂ ರೀ. ಖಣಿಯವರ ಕೈಗಿ ಸಿಗಬಾರದು, ಎಲ್ಲೆರೆ ದೂರ ಇಟ್ಟು ಜಾಗ ನನಗೊಬ್ಬಗ ಹೇಳು ಅಂದ್ರು. ಅಂವಾ ಒಬ್ಬನೇ ಇರಂಗಿಲ್ಲ ಅಂತ ನನ್ನ ಕೈ ಹಿಡಕೊಂಡ. ನಾ ಬಿಡಿಸಿಕೊಂಡು ಬಂದೆ.”

“ರಾತ್ರಿ ಎಲ್ಲಿದ್ದಿ?”

“ದವಾಖಾನ್ಯಾಗ. ಅಮ್ಮೀಗಿ ಅಡ್ಮಿಟ್ ಮಾಡೀವಿ.”

ಆಸ್ಪತ್ರೆಯ ಕ್ಯಾಮೆರಾದಲ್ಲಿ ಅವನು ರಾತ್ರಿಯಿಡೀ ಕಂಡ. ತ್ರಿವೇಣಿಗೆ ಅದೂ ಬೇಕಿರಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಕೈ ಬಿಡಿಸಿಕೊಂಡ ಆ ಗಳಿಗೆಯೊಂದೇ.

“ಇಂವಾ ಅಲ್ಲ ರೀ,” ಅಂದಳು ಹೊರಗೆ ಬಂದು.

“ಕೊಂದಾಂವ ಫೋನ್ ಒಂದೇ ಒಯ್ದಾನ. ಏನಿತ್ತು ಅದರಾಗ?”

“ಒಂದು ರೆಕಾರ್ಡಿಂಗ್. ಖಣಿ ಮಾಲಕನ ಜೋಡಿ ಪೊಲೀಸ್ ಇಲಾಖೆಯವರು ಒಬ್ಬರು ಮಾತಾಡಿದ್ದು. ಅದು ಯಾರ ದನಿ ಅಂತ ಗುಂಡಣ್ಣಗ ಗೊತ್ತಿರಲಿಲ್ಲ.”

“ಅಂವಾ ಈ ಮಾತು ಯಾರ್‍ಯಾರ ಮುಂದ ಹೇಳಿದ್ದ?”

“ಯಾರ ಮುಂದೂ ಇಲ್ಲ. ಅಂಜಿ ಬಾಯಿ ಬಿಡಲಿಲ್ಲ. ನನಗ ಅವನ ಮನಸಿನಿಂದ ಕೇಳಸ್ತು.”

“ನೀ ಯಾರಿಗಿ ಹೇಳಿದಿ?”

“ಸುಧಾಕರ ಸಾಹೇಬ್ರಿಗಿ. ಅವರು ‘ಛಲೋ ಕೆಲಸ ಮಾಡಿದಿ, ಸ್ವಲ್ಪ ದಿನ ಊರಿಗಿ ಹೋಗಿ ಆರಾಮ ಮಾಡು’ ಅಂದ್ರು.”

ಈಗ ಒಂದೊಂದೇ ಅವಳಿಗೆ ಹೊಳೆಯತೊಡಗಿತು. ಸುಧಾಕರ ಗುಂಡಣ್ಣನ ಎದುರು ಒಮ್ಮೆಯೂ ಬಂದಿರಲಿಲ್ಲ. ಬಂದಿದ್ದರೆ ಅವನು ದನಿ ಗುರುತಿಸುತ್ತಿದ್ದ. ಅವಳನ್ನೂ ಅವರು ಎಂದೂ ಹತ್ತಿರ ಕೂಡಿಸಿಕೊಂಡವರಲ್ಲ. ದೊಡ್ಡ ಮೇಜಿನ ಆಚೆಯೇ ನಿಲ್ಲಿಸಿ ಮಾತಾಡುತ್ತಿದ್ದರು. ಹೆಣ್ಣುಮಕ್ಕಳೆಂದರೆ ಮರ್ಯಾದೆ ಎಂದು ತ್ರಿವೇಣಿ ತಿಳಿದಿದ್ದಳು.

“ನೀನೇ ಕಥಿ ಕಟ್ಟಾಕತ್ತೀ ಅಂತ ಯಾರರೆ ಅಂದ್ರ?” ಮಲ್ಲಿಕಾ ಕೇಳಿದಳು.

“ಅಂತಾರ ರೀ. ನೀವೂ ಈಗ ಹಂಗೇ ವಿಚಾರ ಮಾಡಾಕತ್ತೀರಿ.”

* * *

ಗುಂಡಣ್ಣನ ಫೋನ್ ಆಫ್ ಆಗುವ ಮೊದಲು ಕೊನೆಯ ಸಲ ಸಿಕ್ಕ ಟವರ್ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯದು. ಘಟಕದ ಕಚೇರಿ ಇದ್ದದ್ದೂ ಅಲ್ಲೇ, ಬೋರ್ಡು ಇಲ್ಲದ ಒಂದು ಬಾಡಿಗೆ ಮನೆಯಲ್ಲಿ. ಮರುದಿನ ಮಲ್ಲಿಕಾ ಮೇಲಧಿಕಾರಿಗಳ ಅನುಮತಿ ಪಡೆದು, ತ್ರಿವೇಣಿ ಮತ್ತು ಸಾಕ್ಷಿಗಳಾಗಿ ಇಬ್ಬರು ಪಂಚರೊಂದಿಗೆ ಒಳಗೆ ಹೋದಳು. ಒಂದು ಟವರಿನ ಕೆಳಗೆ ನೂರಾರು ಮನೆ. ಇಲ್ಲಿ ಬರಿಗೈಯಲ್ಲಿ ಹೊರಬಿದ್ದರೆ ತನ್ನ ನೌಕರಿಯೂ ಹೋದಂತೆ ಎಂದು ಅವಳಿಗೆ ಗೊತ್ತಿತ್ತು.

“ತ್ರಿವೇಣಿ, ನಿನಗ ರಜಾ ಕೊಟ್ಟಿದ್ದೆನಲ್ಲ,” ಅಂದ ಸುಧಾಕರ. ದನಿ ಮೃದುವಾಗಿತ್ತು.

ತ್ರಿವೇಣಿ ಮೇಜನ್ನು ಸುತ್ತಿ ಹೋದಳು. ಕುರ್ಚಿ ಎಳೆದುಕೊಂಡು ಅವನ ಮಗ್ಗುಲಲ್ಲೇ ಕೂತಳು.

ಅವಳಿಗೆ ಕೇಳಿಸಿದ್ದು ಮಗ್ಗಿ. ಹದಿನೇಳ ಒಂದ್ಲೆ ಹದಿನೇಳು. ಹದಿನೇಳ ಎರಡ್ಲೆ ಮೂವತ್ನಾಲ್ಕು. ನಡುವೆ ಒಂದು ಬಿರುಕೂ ಇಲ್ಲ. ಹೊರಗೆ ಬಾಯಿ ಮಲ್ಲಿಕಾಳಿಗೆ ಸಲೀಸಾಗಿ ಉತ್ತರ ಕೊಡುತ್ತಿತ್ತು.

“ಮೊನ್ನೆ ರಾತ್ರಿ ಎಲ್ಲಿದ್ರಿ ಸರ್?”

“ಮನ್ಯಾಗ.”

“ಗುಂಡಣ್ಣನ ಫೋನಿನ್ಯಾಗ ಏನಿತ್ತು ಅಂತ ಗೊತ್ತೇನ್ರಿ?”

“ಅವನ ಫೋನ್ ನಾ ಎಲ್ಲಿ ನೋಡೀನಿ?”

ಹದಿನೇಳ ಐದ್ಲೆ ಎಂಬತ್ತೈದು.

“ಹದಿನೇಳ ಆರ್ಲೆ ನೂರಾ ಎರಡು,” ಅಂದಳು ತ್ರಿವೇಣಿ, ಗಟ್ಟಿಯಾಗಿ.

ಸುಧಾಕರನ ಮಾತು ನಿಂತಿತು. ಮಗ್ಗಿಯೂ ನಿಂತಿತು.

“ಹದಿನೇಳ ಏಳ್ಲೆ ಎಷ್ಟು ರೀ ಸಾಹೇಬ್ರ?”

ಒಂದು ಗಳಿಗೆ ಅವನ ಮನಸ್ಸು ಬಾಗಿಲು ತೆಗೆದ ಮನೆಯಂತಾಯಿತು. ಮಾಳಿಗೆ. ಗೋಣಿತಟ್ಟು ಹೊದಿಸಿದ ಹಳೆಯ ಕೂಲರ್. ಒಳಗೆ, ಒಣಹುಲ್ಲಿನ ಹಿಂದೆ.

“ಮಾಳಿಗಿ ಮ್ಯಾಲಿನ ಕೂಲರ್ ನೋಡ್ರಿ, ಮೇಡಂ,” ಅಂದಳು.

ಸುಧಾಕರ ಎದ್ದು ನಿಂತ. ಮಲ್ಲಿಕಾ ಬಾಗಿಲಿಗೆ ಅಡ್ಡ ನಿಂತಿದ್ದಳು.

* * *

ಪಂಚರ ಎದುರಿಗೆ ಫೋನ್ ಸಿಕ್ಕಿತು. ರೆಕಾರ್ಡಿಂಗಿನಲ್ಲಿದ್ದ ಮೃದು ದನಿ ಯಾರದೆಂದು ಕೋಣೆಯಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

“ಒಡೆದು ಹಾಕಿದ್ರ ನೀವು ಉಳೀತಿದ್ರಿ,” ಅಂದಳು ಮಲ್ಲಿಕಾ. “ಆದ್ರ ಅದರಾಗ ಖಣಿ ಮಾಲಕನ ದನಿನೂ ಅದ. ನಾಳಿಗಿ ಅಂವಾ ತಿರುಗಿ ಬಿದ್ರ ಇರ್ಲಿ ಅಂತ ಇಟಗೊಂಡ್ರಿ. ಹೌದಲ್ರಿ?”

ಸುಧಾಕರ ಅವಳ ಕಡೆ ನೋಡಲಿಲ್ಲ. “ತ್ರಿವೇಣಿ ಹೇಳಿದ್ದು ಯಾವ ಕೋರ್ಟಿನ್ಯಾಗೂ ನಡ್ಯಂಗಿಲ್ಲ.”

“ಆಕಿನ್ನ ಕೋರ್ಟಿಗಿ ಯಾಕ ಕರೀಲಿ? ಫೋನ್ ಅದ. ಟವರ್ ಅದ. ಗುಂಡಣ್ಣ ಇರೋ ಜಾಗ ಶಬ್ಬೀರ್, ಅಮೋಘಪ್ಪನ್ನ ಬಿಟ್ರ ನಿಮಗೊಬ್ಬರಿಗೇ ಗೊತ್ತಿತ್ತು. ಆಮ್ಯಾಲೆ, ಮನಸಿನ್ಯಾಗ ಮಗ್ಗಿ ಹೇಳೋ ಜರೂರತ್ತು ಯಾರಿಗಿರ್ತದ ಸರ್? ಈಕಿಗಿ ಕೇಳಸ್ತದ ಅಂತ ಗೊತ್ತಿದ್ದವರಿಗಿ. ಅದು ಕೋರ್ಟಿಗಲ್ಲ, ನನಗ ಸಾಕಾತು.”

* * *

ಮಲ್ಲಿಕಾ ತನ್ನ ಜೊತೆ ಕೆಲಸ ಮಾಡಲು ಕರೆದಳು. ಆಮೇಲೆ ಹೇಳುತ್ತೇನೆಂದು ತ್ರಿವೇಣಿ ಗುಂಡಣ್ಣನ ಊರಿನ ಬಸ್ಸು ಹತ್ತಿದಳು.

ಗುಂಡಣ್ಣನ ಹೆಂಡತಿ ಕಸ್ತೂರಿಬಾಯಿ ಒಲೆಯ ಮುಂದೆ ಕೂತಿದ್ದಳು. ತ್ರಿವೇಣಿ ಅವಳ ಮಗ್ಗುಲಲ್ಲೇ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ನಿಮ್ಮ ಯಜಮಾನರು ಬಾಯಿ ಬಿಟ್ಟಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದನ್ನು ಕೇಳಿ, ಒಯ್ದು ಕೊಂದವನ ಕೈಗೆ ಕೊಟ್ಟವಳು ನಾನು.

ಕಸ್ತೂರಿಬಾಯಿ ಚಾ ಕಾಸಿ, ಸೋಸಿ, ಅವಳ ಮುಂದಿಟ್ಟಳು.

“ನಿನಗೇನ್ ಗೊತ್ತಿತ್ತವ್ವಾ,” ಅಂದಳು ಕೊನೆಗೆ. “ನಿಂದೇನ್ ತಪ್ಪದ? ಚಾ ಕುಡಿ.”

ಅವಳ ಮನಸ್ಸು ಅನ್ನುತ್ತಿದ್ದದ್ದು ಬೇರೆ. ತ್ರಿವೇಣಿ ದೂರ ಸರಿಯಬಹುದಿತ್ತು. ಸರಿಯಲಿಲ್ಲ. ಅಷ್ಟನ್ನೂ ಕೇಳುತ್ತ ಅಲ್ಲೇ ಕೂತು ಚಾ ಕುಡಿದಳು.