ಆಟದ ಕನ್ನಡಿಗೆ ಹಾಕಿದ ಪೊರೆಗಳು

ಬಲು ಹಿಂದಿನ ಮಾತು. ಗಾಳಿಯೂ ದಾರಿ ಕೇಳಿಕೊಂಡು ಬರಬೇಕಾದಷ್ಟು ದೂರದಲ್ಲಿ ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಆಳೆತ್ತರದ ಒಂದು ಕನ್ನಡಿ ಇತ್ತು. ಅದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ಆಟದ ಕನ್ನಡಿ. ಅದರೊಳಗೆ ಒಂದು ಪುಟ್ಟ ನಾಡು: ಕಾಡು, ಹೊಳೆ, ಒಂದು ಹುಲಿ, ಎಲ್ಲದರ ಕೊನೆಗೆ ಒಂದು ಬಾಗಿಲು. ಕನ್ನಡಿಗೆ ಅಂಗೈ ಒತ್ತಿದವರು ಒಳಗೆ ಹೋಗುತ್ತಿದ್ದರು. ಹುಲಿಯ ಕಣ್ಣು ತಪ್ಪಿಸಿ, ಹೊಳೆ ದಾಟಿ, ಬಾಗಿಲು ಮುಟ್ಟಿದರೆ ಗೆದ್ದಂತೆ. ಬಾಗಿಲ ಬಳಿ ಮಣ್ಣಿನ ಗೊಂಬೆಯಂಥ ಒಬ್ಬ ಕಾವಲುಗಿತ್ತಿ ನಿಂತಿದ್ದಳು. ಗೆದ್ದವರಿಗೆ ಅವಳು ತಲೆಬಾಗಿ ಬಾಗಿಲು ತೆರೆಯುತ್ತಿದ್ದಳು. ಹೊರಗೆ ಬರಲು ಬೇರೆ ದಾರಿ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಮಣಿಗಿರಿಯ ರಾಣಿ ಜ್ವರ ಬಂದು ತೀರಿಕೊಂಡಳು. ರಾಜ ಮೌನಿಯಾದ. ಅರಮನೆಯಲ್ಲಿ ಯಾರೂ ರಾಣಿಯ ಹೆಸರೆತ್ತಲಿಲ್ಲ. ರಾಜಕುಮಾರಿ ಮಂದಾರವತಿ ಅಳುವುದನ್ನು ಬಿಟ್ಟು ಆಟದ ಕನ್ನಡಿಯೊಳಗೆ ಹೋಗತೊಡಗಿದಳು. ಬೆಳಿಗ್ಗೆ ಹೋದರೆ ಸಂಜೆ ಬರುವಳು.

ಅವಳ ಅಣ್ಣ ಮೃಗಾಂಕ ಒಂದು ದಿನ ಅವಳನ್ನು ಊಟಕ್ಕೆ ಕರೆಯಲು ಬಂದ. ಆಗ ತಾನೇ ಹೊರಗೆ ಬಂದಿದ್ದ ತಂಗಿ ಹೇಳಿದಳು:

"ಅಣ್ಣಾ, ಆ ಕಾವಲುಗಿತ್ತಿಗೆ ಅಮ್ಮನ ಮುಖ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ದಿನಾ ನೋಡಬಹುದಿತ್ತು."

ಆ ಮಾತು ಮೃಗಾಂಕನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಕನ್ನಡಿಯ ಹಿಂಬದಿಯಲ್ಲಿ ಸಾಲು ಸಾಲು ಗೂಡುಗಳಿದ್ದವು. ಕಲ್ಲಿನ ಗೂಡಿನಲ್ಲಿ ಕಲ್ಲಿನ ಪೊರೆ, ನೀರಿನ ಗೂಡಿನಲ್ಲಿ ನೀರಿನ ಪೊರೆ, ಹುಲಿಯ ಗೂಡಿನಲ್ಲಿ ಹುಲಿಯ ಪೊರೆ. ಒಂದೊಂದೂ ಹಾವು ಕಳಚಿದ ಪೊರೆಯಷ್ಟು ತೆಳು. ಗೂಡಿನ ಪೊರೆ ಬದಲಿಸಿದರೆ ಒಳಗಿನ ವಸ್ತುವಿನ ಮೈ ಬದಲಾಗುತ್ತಿತ್ತು, ವಸ್ತು ಬದಲಾಗುತ್ತಿರಲಿಲ್ಲ. ಕನ್ನಡಿ ಮಾಡಿದ ಶಿಲ್ಪಿ ಚೌಕಟ್ಟಿನ ಮೇಲೆ ಕೆತ್ತಿಟ್ಟಿದ್ದ: 'ಹಳೆಯದನ್ನು ಎಸೆಯಬೇಡ. ಒಂದೊಂದೇ ಹಾಕು. ಹಾಕಿದ ಮೇಲೆ ನೋಡು.'

ಮೃಗಾಂಕ ಕುದುರೆಯೇರಿ ಕರಿಗವಿಗೆ ಹೋದ. ಅಲ್ಲಿ ಕರಂಡಕನೆಂಬ ಮಾಂತ್ರಿಕನಿದ್ದ. ಅವನು ಬೆಳಿಗ್ಗೆ ಯುವಕ, ಮಧ್ಯಾಹ್ನ ಮುದುಕ, ಸಂಜೆಗೆ ಹದ್ದು. ಎಂಥ ಪೊರೆಯನ್ನಾದರೂ ನೇಯಬಲ್ಲವನು. ರಾಜಕುಮಾರನ ಮಾತು ಕೇಳಿ ಅವನು ದೊಡ್ಡ ಗಂಟೊಂದನ್ನು ಮುಂದಿಟ್ಟ.

"ರಾಣಿಯ ಮುಖವಷ್ಟೇ ಅಲ್ಲ, ಯುವರಾಜ. ಹೊಸ ನೆಲ, ಹೊಸ ಆಕಾಶ, ಹೊಸ ಹುಲಿ, ಎಲ್ಲ ಇದೆ. ನನಗೆ ಏನೂ ಕೊಡುವುದು ಬೇಡ. ಎಲ್ಲವನ್ನೂ ಒಂದೇ ಸಲಕ್ಕೆ ಹಾಕು, ಅಷ್ಟು ಸಾಕು."

ಮೃಗಾಂಕ ಬಂದಾಗ ತಂಗಿ ಕನ್ನಡಿಯೊಳಗೇ ಇದ್ದಳು. ಅವಳು ಬೆರಗಾಗಲಿ ಎಂಬ ಆಸೆಯಿಂದ ಅವನು ಅವಸರ ಮಾಡಿದ. ಹಳೆಯ ಪೊರೆಗಳನ್ನು ಎಳೆದು ಬುಟ್ಟಿಗೆ ತುಂಬಿದ. ಹೊಸದನ್ನೆಲ್ಲ ಒಂದೇ ಉಸಿರಿಗೆ ಗೂಡುಗಳಿಗೆ ತುರುಕಿದ.

ಒಳಗಿನಿಂದ ಚೀರಾಟ ಕೇಳಿಸಿತು.

"ಅಣ್ಣಾ! ನೆಲವೆಲ್ಲ ನೇರಳೆ ಬಣ್ಣವಾಗಿದೆ! ದಾರಿ ಯಾವುದು, ಹಳ್ಳ ಯಾವುದು, ಒಂದೂ ಗೊತ್ತಾಗುತ್ತಿಲ್ಲ!"

ಚೀರಾಟ ಕೇಳಿ ರಾಜ ಓಡಿಬಂದ. "ಎಲ್ಲವನ್ನೂ ಕಿತ್ತು ಬಿಸಾಡು!" ಎಂದ.

"ಬೇಡ ಅಪ್ಪಾಜಿ," ಎಂದ ಮೃಗಾಂಕ. "ಒಟ್ಟಿಗೆ ಹಾಕಿ ಕೆಡಿಸಿದವನು ನಾನೇ. ಒಟ್ಟಿಗೆ ಕಿತ್ತರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ. ಒಂದೊಂದೇ ನೋಡುತ್ತೇನೆ. ಮಂದಾ, ಇದ್ದಲ್ಲೇ ನಿಲ್ಲು. ಕಂಡದ್ದನ್ನು ಕಂಡಹಾಗೆ ಹೇಳು."

ಅವನು ನೆಲದ ಗೂಡಿಗೆ ಕೈ ಹಾಕಿದ. ಅದು ಖಾಲಿ. ನೆಲದ ಪೊರೆ ಮುಗಿಲಿನ ಗೂಡಿನಲ್ಲಿ ಮುದುಡಿ ಕೂತಿತ್ತು. ಪೊರೆ ಸಿಗದ ವಸ್ತು ಆ ಕನ್ನಡಿಯಲ್ಲಿ ನೇರಳೆಯಾಗುತ್ತದೆ. ಅವನು ಅದನ್ನು ತೆಗೆದು ಸರಿಯಾದ ಗೂಡಿನಲ್ಲಿಟ್ಟು, ಮುಗಿಲಿಗೆ ಮುಗಿಲಿನದನ್ನು ಕೊಟ್ಟ.

"ಈಗ ಏನು ಕಾಣುತ್ತಿದೆ?"

"ಹೊಂಬಣ್ಣದ ಮರಳು. ದಾರಿ ಕಾಣುತ್ತಿದೆ, ಅಣ್ಣಾ. ಆದರೆ ಹುಲಿ... ಹುಲಿ ಇದೆ, ಇಲ್ಲ, ಇದೆ. ಮಿಣಮಿಣ ಎನ್ನುತ್ತಿದೆ. ಒಂದು ಸಲ ಹುಲಿ, ಒಂದು ಸಲ ಬರೀ ಹುಲ್ಲು. ನನ್ನ ಕಡೆಗೇ ಬರುತ್ತಿದೆ!"

ಹುಲಿಯ ಗೂಡಿನಲ್ಲಿ ಎರಡು ಪೊರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಿನ್ನದ ಹುಲಿಯದೊಂದು, ಹಸಿರು ಹುಲ್ಲಿನದೊಂದು. ಒಂದೇ ಮೈಗಾಗಿ ಎರಡೂ ಜಗಳವಾಡುತ್ತಿದ್ದವು. ಅವನು ಹುಲ್ಲಿನದನ್ನು ಮೆಲ್ಲಗೆ ಬಿಡಿಸಿ ಹುಲ್ಲಿನ ಗೂಡಿಗೆ ಸೇರಿಸಿದ.

"ಕಂಡಿತು!" ಎಂದಳು ಮಂದಾರವತಿ. ಹುಲಿ ಹಾರುವಷ್ಟರಲ್ಲಿ ಅವಳು ಬಂಡೆಯ ಹಿಂದೆ ಸರಿದು, ಹೊಳೆಗಿಳಿದು ಈಜಿ, ಆಚೆ ದಡ ಸೇರಿದಳು.

ರಾಜ ಉಸಿರು ಬಿಟ್ಟ. ಅಷ್ಟರಲ್ಲಿ ಕನ್ನಡಿ 'ಗುಂಯ್' ಎಂದು ನರಳಿತು. ಒಳಗೆ ಹಾರುತ್ತಿದ್ದ ಗಿಳಿಗಳು ಗಾಳಿಯಲ್ಲೇ ನಿಂತು, ಒಂದಿಷ್ಟು ಜರುಗಿ, ಮತ್ತೆ ನಿಂತವು. ಹೊಳೆಯ ಅಲೆ ಎದ್ದದ್ದು ಬೀಳಲಿಲ್ಲ. ತಂಗಿಯ ದನಿ ತುಂಡು ತುಂಡಾಗಿ ಬಂತು.

"ಅಣ್... ಣಾ... ಕಾಲು... ಏಳು... ತ್ತಿಲ್ಲ..."

ಮೃಗಾಂಕ ಪೊರೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಎಲ್ಲ ಹಗುರ. ಕಾವಲುಗಿತ್ತಿಯ ಗೂಡಿನಲ್ಲಿದ್ದದ್ದು ಮಾತ್ರ ಒರಳು ಕಲ್ಲಿನಷ್ಟು ಭಾರ. ಕರಂಡಕ ಅದರಲ್ಲಿ ರಾಣಿಯ ಒಂದೊಂದು ರೆಪ್ಪೆಗೂದಲನ್ನೂ, ತುಟಿಯ ಒಂದೊಂದು ಗೆರೆಯನ್ನೂ, ಕುಂಕುಮದ ಒಂದೊಂದು ಕಣವನ್ನೂ ನೇಯ್ದಿದ್ದ. ಕನ್ನಡಿಗೆ ಅದನ್ನು ಹೊರುವ ತ್ರಾಣವಿರಲಿಲ್ಲ. ಮೃಗಾಂಕ ಎಳೆದ. ಅದು ಅಲುಗಲಿಲ್ಲ. ರಾಜನೂ ಕೈಜೋಡಿಸಿದ. ಆಗಲೂ ಅಲುಗಲಿಲ್ಲ.

ಕಿಟಕಿಯಿಂದ ಹದ್ದೊಂದು ಒಳಗೆ ಬಂದು, ನೆಲಕ್ಕಿಳಿದು ಕರಂಡಕನಾಯಿತು.

"ಯಾರ ಆಸೆಗೆ ಅದನ್ನು ನೇಯ್ದೆನೋ ಅವರೇ ಕಳಚಬೇಕು. ಅವಳು ಕಳಚುವುದಿಲ್ಲ. ಯಾವ ಮಗಳು ತಾನೇ ಕಳಚುತ್ತಾಳೆ? ನನ್ನ ಪ್ರಾಣವನ್ನೆಲ್ಲ ಅದರಲ್ಲೇ ಇಟ್ಟಿದ್ದೇನೆ. ಕನ್ನಡಿ ಪೂರ್ತಿ ನಿಂತ ಗಳಿಗೆಗೆ ಆ ನಾಡು ನನ್ನದು, ನಿಮ್ಮ ಹುಡುಗಿಯೂ ನನ್ನ ಗೊಂಬೆ," ಎಂದು ನಕ್ಕ.

ಮಂದಾರವತಿ ಹೆಜ್ಜೆಗೊಮ್ಮೆ ಕಲ್ಲಾಗುತ್ತಾ ಹೇಗೋ ಬಾಗಿಲಿನ ಬಳಿ ಬಂದಿದ್ದಳು. ಕಾವಲುಗಿತ್ತಿಯನ್ನು ಕಂಡು ಅವಳ ಕಣ್ಣು ತುಂಬಿತು.

"ಅಣ್ಣಾ, ಅಮ್ಮ ಇಲ್ಲಿದ್ದಾಳೆ. ಗಲ್ಲದ ಮೇಲಿನ ಮಚ್ಚೆ ಕೂಡ ಇದೆ."

'ಅದನ್ನು ಕಿತ್ತುಹಾಕು' ಎನ್ನಲು ಮೃಗಾಂಕನಿಗೆ ಬಾಯಿ ಬರಲಿಲ್ಲ. ಮುಂಬದಿಗೆ ಬಂದು ನಿಂತ ಅವನಿಗೂ ಆ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಪಕ್ಕದಲ್ಲಿದ್ದ ರಾಜನಂತೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊನೆಗೆ ಮೃಗಾಂಕ ಇಷ್ಟೇ ಹೇಳಿದ:

"ಮಂದಾ, ಅವಳ ಹತ್ತಿರ ಏನಾದರೂ ಮಾತಾಡು."

ಮಂದಾರವತಿ ಆ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು: "ಅಮ್ಮಾ, ಹಸಿವಾಗುತ್ತಿದೆ."

ಮುಖ ನಕ್ಕಿತು. ಸುಂದರವಾಗಿ ನಕ್ಕಿತು. ಮತ್ತೆ ನಕ್ಕಿತು.

ಮಂದಾರವತಿ ಬಹಳ ಹೊತ್ತು ಕಾದಳು. ಅವಳ ಬೆರಳುಗಳು ತಣ್ಣಗಾಗುತ್ತಾ ಬಂದವು.

"ಹಸಿವು ಎಂದರೆ ನನ್ನಮ್ಮ ಸುಮ್ಮನೆ ನಗುತ್ತಿರಲಿಲ್ಲ," ಎಂದಳು.

ಎರಡೂ ಕೈ ಎತ್ತಿ ಆ ಮುಖವನ್ನು ಒಮ್ಮೆ ಸವರಿದಳು. ಆಮೇಲೆ ಕಿವಿಯ ಬಳಿ ಉಗುರು ಹಾಕಿ, ಅಳುತ್ತಾ, ಪೊರೆಯನ್ನು ತಾನೇ ಕಳಚಿದಳು. ಮೃಗಾಂಕ ಹಿಂಬದಿಗೆ ಓಡಿ, ಬುಟ್ಟಿಯಲ್ಲಿದ್ದ ಹಳೆಯ ಪೊರೆಯನ್ನು ಆ ಗೂಡಿನಲ್ಲಿಟ್ಟು ಬಂದ; ಕಾವಲುಗಿತ್ತಿಗೆ ಹಳೆಯ ಮಣ್ಣಿನ ಮುಖ ಮರಳಿತು. ಹೊಳೆಯ ಅಲೆ ಬಿತ್ತು. ಗಿಳಿಗಳು ಹಾರಿದವು. ಕಾವಲುಗಿತ್ತಿ ತಲೆಬಾಗಿ ಬಾಗಿಲು ತೆರೆದಳು. ರಾಜಕುಮಾರಿ ಅಣ್ಣನ ತೋಳಿಗೆ ಬಂದು ಬಿದ್ದಳು.

ಇತ್ತ ಕರಂಡಕ ಕಿರುಚಿದ. ಅವನ ಮೈಯಿಂದ ಹದ್ದು ಉದುರಿತು, ಯುವಕ ಉದುರಿದ, ಮುದುಕ ಉದುರಿದ. ಕೊನೆಗೆ ಉಳಿದದ್ದು ಕಣ್ಣು ಮೂಗು ಮಸುಕಾದ ಒಬ್ಬ ಸಾಧಾರಣ ಮನುಷ್ಯ. ರಾಜ ಕತ್ತಿ ಎಳೆದ. ಆ ಮನುಷ್ಯ ತನ್ನ ಕೆನ್ನೆಯನ್ನು ತಡವಿ ನೋಡುತ್ತಾ, "ನಾನು ಹೇಗಿದ್ದೆ? ಯಾರಿಗಾದರೂ ಗೊತ್ತೆ?" ಎಂದು ಕೇಳಿದ. ರಾಜ ಕತ್ತಿಯನ್ನು ಒರೆಗೆ ಸೇರಿಸಿ, ಅವನನ್ನು ಗಡಿ ದಾಟಿಸಿ ಬಿಡಲು ಅಪ್ಪಣೆ ಕೊಟ್ಟ. ಅವನ ಮಂತ್ರ ಮತ್ತೆಂದೂ ಫಲಿಸಲಿಲ್ಲ.

ಅಂದು ಸಂಜೆ ಮೂವರೂ ಒಟ್ಟಿಗೆ ಕೂತಿದ್ದಾಗ ಮೃಗಾಂಕ ತಲೆ ತಗ್ಗಿಸಿ, "ನಾನು ನಿನ್ನನ್ನು ನಗಿಸಬೇಕೆಂದಿದ್ದೆ, ಮಂದಾ. ನಿನ್ನ ಜೊತೆ ಕೂತು ಅಳಬೇಕಿತ್ತು," ಎಂದ.

"ಅಣ್ಣಾ, ಅಮ್ಮನ ಮುಖ ನನಗೆ ಮರೆತಿಲ್ಲ," ಎಂದಳು ತಂಗಿ. "ದನಿಯೇ ಮರೆಯುತ್ತಿದೆ. ನಮ್ಮನ್ನು ಹೇಗೆ ಕರೆಯುತ್ತಿದ್ದಳು?"

ಮೃಗಾಂಕ ಕರೆದು ತೋರಿಸಿದ. ಸರಿಹೋಗಲಿಲ್ಲ. ಆಗ ಇಷ್ಟು ದಿನ ರಾಣಿಯ ಬಗ್ಗೆ ತುಟಿ ಬಿಚ್ಚದ ರಾಜ, "ಹಾಗಲ್ಲ ಕಣೋ," ಎಂದು ಸೊಂಟಕ್ಕೆ ಕೈಯಿಟ್ಟು, ಕತ್ತು ಓರೆ ಮಾಡಿ, ದನಿ ಎತ್ತರಿಸಿ, ಕೊನೆಯ ಅಕ್ಷರ ಎಳೆದು ಕರೆದ: "ಮಂದಾಽಽಽ! ಮೃಗೂಽಽಽ!"

ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ರಾಜನೂ ನಕ್ಕ, ನಗುತ್ತಲೇ ಅತ್ತ. ಅಂಗಳದಲ್ಲಿ ದೀಪ ಹಚ್ಚುತ್ತಿದ್ದ ದಾಸಿಯರು ರಾಣಿಯೇ ಕರೆದಳೆಂದು ತಿರುಗಿ ನೋಡಿದರಂತೆ. ಆಮೇಲೆ ಮಣಿಗಿರಿಯವರು ತುಂಬಾ ಕಾಲ ಚೆನ್ನಾಗಿ ಬಾಳಿದರು.