ತಂಬಿಟ್ಟು ತಿಂದ ಬೆಳಗ್ಗೆ

"ಧೈರ್ಯವಾಗಿರು ಕಣೇ ಪ್ರಿಯಾಂಕಾ. ಅವ್ನಿಗೆ ಮಾರಮ್ಮನ ತಂಬಿಟ್ಟು ತಿನ್ಸೇ ಕಳ್ಸಿದೀನಿ, ಏನೂ ಆಗಾಕಿಲ್ಲ!"

ಅತ್ತೆ ಅನುಸೂಯಮ್ಮನವರ ಮಾತು ಕೇಳಿ ಆಸ್ಪತ್ರೆಯ ಬೆಂಚಿನ ಮೇಲಿದ್ದ ಪ್ರಿಯಾಂಕಾ ಗಕ್ಕನೆ ಅವರತ್ತ ತಿರುಗಿದಳು. ಗಂಡ ಮುರಳಿಯನ್ನು ಆಗಷ್ಟೇ ಆಪರೇಷನ್ ಥಿಯೇಟರಿನೊಳಗೆ ಕರೆದೊಯ್ದಿದ್ದರು.

"ಯಾವಾಗ ಅತ್ತೆ?"

"ಬೆಳಗ್ಗೆ, ನೀನು ಸ್ನಾನಕ್ಕೋಗಿದ್ದಾಗ."

"ಅಯ್ಯೋ! ಏನೂ ತಿನ್ನಬಾರ್ದು ಅಂತ ಡಾಕ್ಟ್ರು ಬಡ್ಕೊಂಡಿದ್ರಲ್ಲ!"

"ಊಟ ಎಲ್ಲಿ ಮಾಡವ್ನೆ? ಪ್ರಸಾದ ಕಣೇ! ಅದನ್ನೂ ಬ್ಯಾಡ ಅನ್ನಕ್ಕಾಯ್ತದಾ?"

ಏನಾದರೂ ತಿಂದಿರಾ ಎಂದು ನರ್ಸು ಕೇಳಿದಾಗ ಮುರಳಿ ಇಲ್ಲವೆಂದಿದ್ದ. ಅವನ ಮಟ್ಟಿಗೆ ಅದು ಸುಳ್ಳಲ್ಲ... ಬೇಗೂರಿನ ಆ ಮನೆಯಲ್ಲಿ ಪ್ರಸಾದವನ್ನು ಯಾರೂ ಊಟವೆಂದು ಎಣಿಸಿದವರಲ್ಲ. ಉಪವಾಸದ ದಿನವೂ ಅದು ಬಾಯಿಗೆ ಬೀಳುತ್ತಿತ್ತು.

ಪ್ರಿಯಾಂಕಾ ಓಡಿದಳು. ಮುಚ್ಚಿದ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. "ಸಿಸ್ಟರ್! ಅವ್ರು ತಿಂದ್ಬಿಟ್ಟಿದಾರೆ! ಮತ್ತಿನ ಇಂಜೆಕ್ಷನ್ ಕೊಡ್ಬೇಡಿ...!"

ಈ ದಿನಕ್ಕಾಗಿ ಅವಳು ಎಷ್ಟು ಹೋರಾಡಿದ್ದಳು! ಮೈ ವಿಪರೀತ ಬೆಳೆದ ಮುರಳಿಗೆ ಮಲಗಿದೊಡನೆ ಗಂಟಲು ಮುಚ್ಚಿ ಉಸಿರೇ ನಿಲ್ಲುತ್ತಿತ್ತು. ಜಿಗಣಿಯ ಕಾರ್ಖಾನೆಯಲ್ಲಿ ಹಾಡಹಗಲೇ ತೂಕಡಿಸಿ ಸರಕೆತ್ತುವ ಫೋರ್ಕ್‌ಲಿಫ್ಟನ್ನು ಗೋಡೆಗೆ ಗುದ್ದಿದ್ದ. ಆಪರೇಷನ್ನಿನಲ್ಲಿ ಹೊಟ್ಟೆಯನ್ನು ಚಿಕ್ಕದು ಮಾಡಿಸಿ ತೂಕ ಇಳಿಸದಿದ್ದರೆ ಜೀವಕ್ಕೆ ಭರವಸೆಯಿಲ್ಲ ಎಂದಿದ್ದರು ಡಾಕ್ಟರು. "ನಾನು ಉಣ್ಸಿ ಬೆಳ್ಸಿದ ಹೊಟ್ಟೇನ ಕುಯ್ಸ್ತೀಯಾ? ಗೊರಕೆ ಹೊಡ್ಯೋನು ನೆಮ್ಮದಿಯಾಗವ್ನೆ ಕಣೇ!" ಎಂದು ಅತ್ತೆ ಜರಿದಿದ್ದರು.

ಡಾಕ್ಟರು ಹೊರಬಂದರು. "ಸದ್ಯ, ಈಗ್ಲಾದ್ರೂ ಹೇಳಿದ್ರಲ್ಲ! ಮತ್ತಿನಲ್ಲಿ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿದ್ರೆ ಉಳಿಸೋದು ಕಷ್ಟ. ಇವತ್ತು ಬೇಡ, ಮುಂದಿನ ವಾರ ಮಾಡೋಣ."

ಇನ್ನೂ ಒಂದು ವಾರ... ಅಲ್ಲಿಯವರೆಗೆ?

ವಾರ್ಡಿನ ಮಂಚಕ್ಕೊರಗಿದ್ದೇ ತಡ, ಮುರಳಿಗೆ ಜೋಂಪು ಹತ್ತಿತು. ಗೊರಕೆ ಏರಿತು. ಥಟ್ಟನೆ ನಿಂತಿತು. ಎದೆ ಎಳೆದಾಡುತ್ತಿದೆ, ಉಸಿರಿಲ್ಲ! ತುಟಿ ಕಪ್ಪಿಟ್ಟಿತು.

"ಲೋ ಮಗಾ! ಮುರಳೀ!" ಅನುಸೂಯಮ್ಮ ಕಿರುಚಿದರು.

ಪ್ರಿಯಾಂಕಾ ಅವನ ಭುಜ ಹಿಡಿದು ಜೋರಾಗಿ ಅಲುಗಿಸಿದಳು. ಅವನು ಸರ್ರನೆ ಉಸಿರೆಳೆದು, ಮತ್ತೆ ನಿದ್ದೆಗೆ ಜಾರಿದ.

"ದಿನಾ ಇಂಗೇನಾ?" ಅತ್ತೆ ಮಗನ ಎದೆಯ ಮೇಲೆ ಕೈಯಿಟ್ಟು ಕೇಳಿದರು.

"ಹೂಂ ಅತ್ತೆ. ಉಸ್ರು ನಿಂತಾಗೆಲ್ಲ ಎಬ್ಬಿಸ್ತೀನಿ."

"ಮತ್ತೆ... ನೀನ್ಯಾವಾಗ ಮಲಗ್ತೀಯಾ?"

ಮದುವೆಯಾದಂದಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪ್ರಿಯಾಂಕಾಳಿಗೆ ದುಃಖ ಒತ್ತರಿಸಿ ಬಂತು. ಅನುಸೂಯಮ್ಮ ಮಂಚದ ಪಕ್ಕದ ಬೆಂಚಿಗೆ ಸರಿದು, ಅವಳನ್ನು ಹತ್ತಿರಕ್ಕೆಳೆದುಕೊಂಡರು.

"ಇಲ್ಲಿ ತಲೆಯಿಡು. ಮುಂದಿನ ವಾರ ಮಾರಮ್ಮನೇ ಎದ್ದು ಬಂದು ಕೊಟ್ರೂ ಅವನ ಬಾಯಿಗಾಕಕ್ಕೆ ಬಿಡಾಕಿಲ್ಲ."

ಪ್ರಿಯಾಂಕಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು. ಗೊರಕೆ ಮತ್ತೆ ನಿಂತಿತು... ದಡಬಡಿಸಿ ಏಳಹೋದವಳ ಹಣೆಯನ್ನು ಒಂದು ಕೈಯಿಂದ ಮೆಲ್ಲನೆ ಒತ್ತಿಹಿಡಿದು, ಇನ್ನೊಂದು ಕೈಯಿಂದ ಅನುಸೂಯಮ್ಮ ಮಗನ ಭುಜ ಅಲುಗಿಸತೊಡಗಿದರು.